ಪುಕ್ಕಟೆ ಮೈನಸ್ ಎಂಟು

ಬ್ರೆಜಿಲಿನ ಕಶೊಯೇರಾ ಊರಿನ ಶಾಲೆಯಲ್ಲಿ ಹಗಲೆಲ್ಲ ಮಕ್ಕಳಿಗೆ ಅನ್ನ, ಕಾಳಿನ ಸಾರು ಬೇಯಿಸಿ ಹಾಕುವ ವಾಲ್ದೇಚಿ, ಸಂಜೆಯಾದರೆ ಅದೇ ಶಾಲೆಯ ಬೆಂಚಿನ ಮೇಲೆ ವಿದ್ಯಾರ್ಥಿನಿ. ಚಿಕ್ಕವಳಿದ್ದಾಗ ಅಪ್ಪ ಶಾಲೆ ಬಿಡಿಸಿ ಹೊಗೆಸೊಪ್ಪಿನ ಗೋದಾಮಿಗೆ ತಳ್ಳಿದ್ದ. ಐವತ್ತು ದಾಟಿದ ಮೇಲೆ ತಾನಾಗಿ ಬಂದು ಹೆಸರು ಹಚ್ಚಿದಳು. ಗಣಿತವೊಂದು ಪಾಸಾದರೆ ಪ್ರಮಾಣಪತ್ರ. ಅದು ಸಿಕ್ಕರೆ ಅಡುಗೆಮನೆಯ ಮುಖ್ಯಸ್ಥೆಯ ಹುದ್ದೆ. ಆ ಹುದ್ದೆ ಅವಳಿಗೆ ಬೇಕೇ ಬೇಕಿತ್ತು.

ವರ್ಗ ಸಮೀಕರಣ ಬಿಡಿಸುವ ಸೂತ್ರವನ್ನು ಬ್ರೆಜಿಲಿನವರು ಭಾರತದ ಗಣಿತಜ್ಞ ಭಾಸ್ಕರನ ಹೆಸರಿನಿಂದಲೇ ಕರೆಯುತ್ತಾರೆ. ಅದನ್ನು ಹಾಡು ಕಟ್ಟಿ ಬಾಯಿಪಾಠ ಮಾಡಿಸುತ್ತಾರೆ. ತರಗತಿಯೆಲ್ಲ ಬೆಂಚು ಬಡಿದು ಹಾಡುತ್ತಿದ್ದರೆ ವಾಲ್ದೇಚಿ ತುಟಿ ಬಿಗಿದು ಕೂರುತ್ತಿದ್ದಳು.

"ಯಾಕೆ ವಾಲ್ದೇಚಿಯಮ್ಮ, ಗಂಟಲು ಕಟ್ಟಿದ್ಯಾ?" ಎಂದರು ಅದೈಲ್ತೊನ್ ಮೇಷ್ಟ್ರು.

"ಅರ್ಥವಾಗದ್ದನ್ನ ಇಗರ್ಜಿಲಿ ಹಾಡ್ತೀನಲ್ಲ ಮೇಷ್ಟ್ರೇ, ಅಷ್ಟು ಸಾಕು. ಈ ವರ್ಗಮೂಲ ಅಂದ್ರೇನು, ಅದನ್ನ ಹೇಳಿ."

"ಚೌಕದ ವಿಸ್ತೀರ್ಣ ಗೊತ್ತಿದ್ರೆ ಅದರ ಬದಿ ಹುಡುಕೋದು. ಈ ವಯಸ್ಸಲ್ಲಿ ಯಾಕೆ ತಲೆ ಕೆಡಿಸ್ಕೋತೀರಿ? ಹಾಡಿ, ಅಂಕಿ ತುಂಬಿ, ಪಾಸಾಗಿ."

ಆ ಮಾತು ಅವಳನ್ನು ಕೆರಳಿಸಿತು. ಮನೆಗೆ ಹೋಗಿ ಹಿಟ್ಟಿನ ಚೀಲದ ಕಾಗದವನ್ನೆಲ್ಲ ಚೌಕ, ಪಟ್ಟಿಗಳಾಗಿ ಕತ್ತರಿಸಿ ಜೋಡಿಸುತ್ತ ಕೂತಳು. ಕುಡುಕ ಗಂಡನನ್ನೇ ಬಾಗಿಲಾಚೆ ದಬ್ಬಿದವಳಿಗೆ ಒಂದು ಸೂತ್ರ ಯಾವ ಲೆಕ್ಕ?

ಪರೀಕ್ಷೆಯಲ್ಲಿ ಬಂದದ್ದು x² + 6x = 16. ಅವಳು ಸೂತ್ರ ಬರೆಯಲಿಲ್ಲ. x ಬದಿಯ ಚೌಕ ಗೀಚಿ, ಆರನ್ನು ಎರಡು ಪಾಲು ಮಾಡಿ, ಮೂರು ಅಗಲದ ಪಟ್ಟಿಗಳನ್ನು ಎರಡು ಬದಿಗೆ ಸೇರಿಸಿದಳು. ಮೂಲೆಯಲ್ಲಿ ಒಂಬತ್ತರ ಪುಟ್ಟ ಚೌಕ ಖಾಲಿ ಉಳಿಯಿತು. ಅದನ್ನು ತುಂಬಿದರೆ ಹದಿನಾರು ಹೋಗಿ ಇಪ್ಪತ್ತೈದಾಯಿತು. ಇಪ್ಪತ್ತೈದರ ಚೌಕಕ್ಕೆ ಬದಿ ಐದು. ಮೂರು ಕಳೆದರೆ x ಎರಡು. ಉತ್ತರದ ಕೆಳಗೆ ಖುಷಿಯಿಂದ ಎರಡು ಗೆರೆ ಎಳೆದಳು.

ಮೇಷ್ಟ್ರು ಬಗ್ಗಿ ನೋಡಿ ಪಿಸುಗುಟ್ಟಿದರು. "ಚೆನ್ನಾಗಿದೆ. ಆದ್ರೆ ಇನ್ನೊಂದು ಉತ್ತರ ಇದೆ, ಮೈನಸ್ ಎಂಟು. ಅದಿಲ್ದೆ ಪಾಸಾಗಲ್ಲ. ಬರೆದುಬಿಡಿ."

ವಾಲ್ದೇಚಿ ಮೈನಸ್ ಎಂಟನ್ನು ಹಾಕಿ ತಾಳೆ ನೋಡಿದಳು. ಅರವತ್ತನಾಲ್ಕರಲ್ಲಿ ನಲವತ್ತೆಂಟು ಹೋಗಿ ಹದಿನಾರೇ ಬಂತು. ಚಿತ್ರದ ಕಡೆ ತಿರುಗಿದರೆ ಸೊನ್ನೆಗಿಂತ ಕಡಿಮೆಯ ಬದಿಗೆ ಅಲ್ಲಿ ಜಾಗವೇ ಇಲ್ಲ.

"ಉತ್ತರ ಸರಿಯಾಗೇ ಇದೆ. ಆದ್ರೆ ನಂದಲ್ಲ," ಎಂದು ಹಾಳೆಯನ್ನು ಹಾಗೆಯೇ ಒಪ್ಪಿಸಿದಳು.

"ಹುದ್ದೆ ಬೇರೆಯವರ ಪಾಲಾಗುತ್ತೆ, ಯೋಚನೆ ಮಾಡಿ."

ಪೆನ್ನು ಇನ್ನೂ ವಾಲ್ದೇಚಿಯ ಕೈಯಲ್ಲೇ ಇತ್ತು. ಅದಕ್ಕೆ ಮುಚ್ಚಳ ಹಾಕಿದಳು.

"ಆಗ್ಲಿ ಬಿಡಿ. ನಾಳೆ ಸಂಜೆ ಬರ್ತೀನಿ ಮೇಷ್ಟ್ರೇ. ಬದಿಯೇ ಇಲ್ಲದ ಈ ಎಂಟು ಎಲ್ಲಿಂದ ಬಂತು ಅಂತ ತೋರಿಸ್ಬೇಕು. ನಿಮಗೂ ಗೊತ್ತಿಲ್ಲ ಅಂದ್ರೆ ಹೇಳಿಬಿಡಿ, ಇಬ್ಬರೂ ಕೂತು ಹುಡುಕೋಣ."