ಬಿಷ್ಕೆಕ್‌ನಲ್ಲೊಂದು ಖಾನಾವಳಿ

ಕಾಕಾನ ಬಲ ಅಂಗೈಯಲ್ಲಿ ರೇಖೆಗಳೇ ಇರಲಿಲ್ಲ ಎನ್ನಬೇಕು. ರೊಟ್ಟಿ ಬಡಿದು ಬಡಿದು ಚರ್ಮ ದಪ್ಪಗಾಗಿ, ನುಣ್ಣಗಾಗಿತ್ತು. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲೇ ತಿರುವಿ ಹಾಕುತ್ತಿದ್ದರು. ಸಿಡ್ನಿಯಲ್ಲಿ ನೀರಿನ ಪೈಪುಗಳ ಇಂಜಿನಿಯರ್ ಆಗಿ ನಿವೃತ್ತರಾದವರ ಕೈ ಅದು ಎಂದರೆ ಯಾರೂ ನಂಬುತ್ತಿರಲಿಲ್ಲ.

ಸಿಡ್ನಿಯ ಹೊರವಲಯದ ಸ್ಕೋಫೀಲ್ಡ್ಸ್‌ನಲ್ಲಿ ನಾವು ಬಾಡಿಗೆಗೆ ಬಂದಾಗ ಪಕ್ಕದ ಮನೆ ಅವರದು. ಮೈಸೂರಿನವಳಾದ ನಾನು ಅಭ್ಯಾಸಬಲದಿಂದ ಅಂಕಲ್ ಎಂದೆ. "ಅಂಕಲ್ ಅನಬ್ಯಾಡವಾ, ಕಾಕಾ ಅನ್ನು. ಅಂಕಲ್ ಅಂದ್ರ ಯಾರೋ ಬಾಡಿಗಿ ಕೇಳಾಕ ಬಂದಂಗ ಆಗ್ತೈತಿ" ಎಂದರು. ಶನಿವಾರ ಬಂತೆಂದರೆ ಟೂಂಗಾಬಿಯ ಇಂಡಿಯನ್ ಅಂಗಡಿಯಿಂದ ಜೋಳದ ಹಿಟ್ಟು ತಂದು, ಗ್ಯಾರೇಜಿನಲ್ಲಿ ಗ್ಯಾಸ್ ಒಲೆ ಹಚ್ಚಿ ಕೂರುತ್ತಿದ್ದರು. ಮುದ್ದೆ ನುಂಗುವ ನಮ್ಮ ಕಡೆಯವರನ್ನು ಹಲ್ಲಿಗೆ ಕೆಲಸ ಕೊಡದ ಮಂದಿ ಎಂದು ರೇಗಿಸುತ್ತಲೇ ನನಗೂ ರೊಟ್ಟಿ ಬಡಿಯುವುದನ್ನು ಕಲಿಸಿದರು. ಒಂದು ವರ್ಷ ನನ್ನ ರೊಟ್ಟಿಗಳು ಆಸ್ಟ್ರೇಲಿಯಾದ ನಕ್ಷೆಯ ಆಕಾರದಲ್ಲೇ ಬಂದವು. ಕಾಕಾ ಅವನ್ನೂ ತಿಂದರು.

ಧಾರವಾಡದಲ್ಲಿ ಓದುವಾಗ ಅವರು ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿದುಕೊಟ್ಟು ಎರಡು ಹೊತ್ತು ಉಣ್ಣುತ್ತಿದ್ದರಂತೆ. ಆ ಖಾನಾವಳಿ ಇಲ್ಲದಿದ್ದರೆ ತಾನು ಇಂಜಿನಿಯರ್ ಆಗುತ್ತಿರಲಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು.

ಅವರ ತಮ್ಮನ ಮಗಳು ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ಡಾಕ್ಟರಿಕೆ ಓದುತ್ತಿದ್ದಳು. ಅವಳನ್ನು ನೋಡಿಬರಲು ಒಂದು ಚೀಲ ಖಡಕ್ ರೊಟ್ಟಿ ಹೊತ್ತು ಹೋದರು. ಊರಿನ ತಲೆಯ ಮೇಲೇ ಹಿಮದ ಬೆಟ್ಟ. ಅಲ್ಲಿ ಓದುವ ವಿಜಯಪುರ, ಕಲಬುರಗಿ ಕಡೆಯ ಮಕ್ಕಳು ಒಂದೇ ಸಂಜೆಯಲ್ಲಿ ಚೀಲ ಖಾಲಿ ಮಾಡಿದರು. ಕೊನೆಗೆ ಉಳಿದ ಚೂರುಗಳನ್ನು ಒಬ್ಬಳು ಕರವಸ್ತ್ರದಲ್ಲಿ ಕಟ್ಟಿಕೊಂಡಳಂತೆ. ತಮ್ಮನ ಮಗಳು ಬಾಡಿಗೆಗಿದ್ದ ಮನೆಯ ಒಡತಿ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಇದರ ಮುಖ ಯಾವ ಕಡೆ ಎಂದು ಕೇಳಿದಳು. ಅಲ್ಲಿಯವರು ರೊಟ್ಟಿಯನ್ನು ಬೋರಲು ಇಡುವುದಿಲ್ಲ, ಅದು ಅನ್ನಕ್ಕೆ ಅವಮಾನ. ಕಾಕಾ ಆ ಪ್ರಶ್ನೆಗೇ ಸೋತುಹೋದರು.

"ರೊಟ್ಟಿಗೆ ಇಷ್ಟು ಮರ್ಯಾದಿ ಕೊಡೋ ಮಂದಿ ಜೋಡಿ ವ್ಯವಹಾರ ಮಾಡಬೇಕವಾ" ಎನ್ನುತ್ತಲೇ ವಿಮಾನದಿಂದ ಇಳಿದರು. ಅಲ್ಲಿ ಓದುವ ಮಕ್ಕಳಿಗಾಗಿ ಖಾನಾವಳಿ ತೆರೆಯುತ್ತೇನೆಂದು ಮಾತು ಕೊಟ್ಟೇ ಬಂದಿದ್ದರು. ನಿವೃತ್ತಿಯ ಹಣ ಹಾಕಿ ಆ ಒಡತಿಯ ಮನೆಯ ಕೆಳ ಅಂತಸ್ತಿನಲ್ಲಿ ಅಡುಗೆಮನೆ ಕಟ್ಟಿಸಿದರು. ಹಿಟ್ಟಿನ ಗಿರಣಿ ಬಂತು, ಹಂಚುಗಳು ಬಂದವು. ಕನ್ನಡ ಸಂಘದವರು ನಕ್ಕು, ಮೆಲ್ಬರ್ನ್‌ನ ಅಂಚಿನಲ್ಲಿ ಸೈಟು ತಗೊಳ್ಳಬಾರದಿತ್ತೇ ಎಂದರು. ನಾನೂ ನಕ್ಕೆ. ನಕ್ಕು, ಅವರ ಪರವಾನಗಿಯ ಅರ್ಜಿಗಳನ್ನೆಲ್ಲ ನಾನೇ ತುಂಬಿದೆ.

ಫೆಬ್ರವರಿಗೆ ಎಲ್ಲ ಸಿದ್ಧವಾಯಿತು. ಕೆಲಸಕ್ಕೆ ಅಲ್ಲಿನ ಇಬ್ಬರು ಹೆಂಗಸರೂ ಸಿಕ್ಕಿದ್ದರು. ಕಾಕಾ ಹೋಗಿ ಎರಡು ವಾರ ಜೊತೆಗಿದ್ದು ಅವರಿಗೆ ರೊಟ್ಟಿ ಕಲಿಸಿದರೆ ಮುಗಿಯಿತು. ತಮ್ಮನ ಮಗಳು ಬೇಗ ಬನ್ನಿ ಎಂದಳು. ಕಾಕಾ ಮಾತ್ರ ಬಸವ ಜಯಂತಿಯ ದಿನವೇ ಒಲೆ ಹಚ್ಚುವುದು ಎಂದು ಹಟ ಹಿಡಿದರು. "ಎರಡು ತಿಂಗಳಿಗೆ ಏನ್ ಮುಳುಗಿ ಹೋಗ್ತೈತಿ?" ಎಂದರು. ಒಳ್ಳೆಯ ಕೆಲಸಕ್ಕೆ ಒಳ್ಳೆಯ ದಿನ ನೋಡುವವರೇ ನಾವೆಲ್ಲ. ನಾನೂ ಆಗಲಿ ಕಾಕಾ ಎಂದೆ. ಆ ಒಂದು ಮಾತಿಗಾಗಿ ನನ್ನ ನಾಲಿಗೆಯನ್ನು ಇವತ್ತಿಗೂ ಶಪಿಸಿಕೊಳ್ಳುತ್ತೇನೆ.

ಮಾರ್ಚಿನಲ್ಲಿ ಅವರ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಮೆಲ್ಬರ್ನ್‌ನ ವಿಂಡಮ್ ವೇಲ್‌ನಲ್ಲಿದ್ದ ಅವರ ಮಗಳು ಕಾಕಾ, ಅವರ ಹೆಂಡತಿ ಕಾಕು ಇಬ್ಬರನ್ನೂ ತನ್ನ ಮನೆಗೆ ಕರೆದುಕೊಂಡು ಹೋದಳು. ನಾನು ನೋಡಲು ಹೋದಾಗ ಕಾಕಾ ಊದಿದ ಕಾಲುಗಳನ್ನು ಸ್ಟೂಲಿನ ಮೇಲಿಟ್ಟು ಕುಳಿತಿದ್ದರು. ಬಿಷ್ಕೆಕ್‌ನಲ್ಲಿ ರೊಟ್ಟಿ ಬಡಿಯಬಲ್ಲವರು ಯಾರೂ ಇಲ್ಲ, ಮಗಳು ತನ್ನನ್ನು ಬಿಟ್ಟು ಕದಲುವಂತಿಲ್ಲ, ಕಾಕುವಿಗೆ ಮೊಣಕಾಲು ನೋವು ಎಂದು ಒಂದೊಂದಾಗಿ ಹೇಳಿದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. "ನಿನ್ನ ಕೈ ಪಳಗೈತಿ. ನೀ ಹೋಗಿ ಒಲಿ ಹಚ್ಚಿ ಬಾರವಾ. ಹುಡುಗ್ರಿಗೆ ಮಾತು ಕೊಟ್ಟೀನಿ."

ಆಸ್ಟ್ರೇಲಿಯಾದಲ್ಲಿ ಕಾಯಂ ಆಗಿ ನೆಲೆಸಲು ಹಾಕಿದ್ದ ನಮ್ಮ ಪಿಆರ್ ಅರ್ಜಿ ಇನ್ನೂ ಬಾಕಿ ಇತ್ತು. ಗಂಡ, ಮಕ್ಕಳು ಎಲ್ಲರ ಹೆಸರೂ ನನ್ನ ಅರ್ಜಿಯಲ್ಲೇ. ದೇಶ ಬಿಟ್ಟು ಮರಳಿ ಬರಲು ಬೇರೆ ಅನುಮತಿ ಬೇಕು. ಆ ಫಾರ್ಮ್ ತೆರೆದೆ. ಪ್ರಯಾಣದ ಕಾರಣವೇನು ಎಂದು ಕೇಳಿತ್ತು. ಪಕ್ಕದ ಮನೆಯವರ ಪರವಾಗಿ ಒಲೆ ಹಚ್ಚಲು ಎಂದು ಹೇಗೆ ಬರೆಯಲಿ? ವೀಸಾ ಏಜೆಂಟನನ್ನು ಕೇಳಿದರೆ, ಈಗ ಹೊರಗೆ ಕಾಲಿಡಬೇಡಿ ಎಂದ. ಫಾರ್ಮ್ ಮುಚ್ಚಿದೆ. ನನಗೆ ಧೈರ್ಯ ಸಾಲಲಿಲ್ಲ, ಅಷ್ಟೇ.

ಫೋನಿನಲ್ಲಿ ಹೇಳಿದಾಗ ಕಾಕಾ, "ಇರ್ಲಿ ಬಿಡವಾ. ಮೊದಲ ನಿನ್ನ ಮಕ್ಕಳು" ಎಂದು ನನ್ನನ್ನೇ ಸಮಾಧಾನ ಮಾಡಿದರು. ಬೈದಿದ್ದರೆ ಚೆನ್ನಾಗಿತ್ತು.

ಬಸವ ಜಯಂತಿಗೆ ಆರು ದಿನ ಇರುವಾಗ ತೀರಿಕೊಂಡರು. ಬಿಷ್ಕೆಕ್‌ಗೆ ತಿಳಿಸಲು ತನ್ನಿಂದಾಗದು ಎಂದು ಮಗಳು ಅದನ್ನು ನನಗೆ ಬಿಟ್ಟಳು. ನಾನು ಫೋನ್ ಮಾಡಿದಾಗ ತಮ್ಮನ ಮಗಳ ಪಕ್ಕದಲ್ಲಿ ಮನೆಯೊಡತಿಯೂ ಇದ್ದಳು. ವಿಷಯ ಕೇಳಿ ಇಬ್ಬರೂ ಅತ್ತರು. ಆಮೇಲೆ ಆ ಹೆಂಗಸು ಏನೋ ಕೇಳಿದಳು. ಹುಡುಗಿ ಅದನ್ನು ಕನ್ನಡದಲ್ಲಿ ಹೇಳಿದಳು: "ಈ ಜಾಗಾ ಬ್ಯಾರೆದವ್ರು ಕೇಳಾಕತ್ತಾರಂತ, ಆಂಟಿ. ನೀವು ಬರ್ತೀನಿ ಅಂದ್ರ ಇನ್ನೂ ಕಾಯ್ತೀನಿ ಅಂತಾರ."

"ಕಾಯೋದು ಬೇಡ ಅಂತ ಹೇಳಮ್ಮ" ಎಂದೆ. ಕಾಕಾ ಕೊಟ್ಟಿದ್ದ ಮಾತನ್ನು ಹೀಗೆ ನನ್ನ ಬಾಯಿಂದಲೇ ವಾಪಸು ತೆಗೆದುಕೊಂಡೆ.