ಕುನ್ಮಿಂಗ್‌ನಿಂದ ಹೇಳಿದ ವಂದನೆ

2024ರ ಆಗಸ್ಟ್ ಕೊನೆಯ ವಾರ ನಾನು ರಾಯಚೂರಿನಿಂದ ಚೀನಾದ ಕುನ್ಮಿಂಗ್‌ಗೆ ಹೊರಟೆ. ಅಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರ್ ಚೀನೀ ಭಾಷೆ ಕಲಿಯಲು ನನಗೆ ವಿದ್ಯಾರ್ಥಿವೇತನ ಸಿಕ್ಕಿತ್ತು. ರಾಯಚೂರಿನ ಒಂದು ಪತ್ರಿಕೆಯಲ್ಲಿ ಉಪಸಂಪಾದಕಿಯಾಗಿದ್ದೆ, ರಜೆ ಮಂಜೂರಾಗಿತ್ತು. ಹೊರಡುವ ಮೊದಲು ಮನೆಯಲ್ಲಿ ಎರಡು ವಿಷಯ ತೀರ್ಮಾನವಾದವು. ದೇವದುರ್ಗದಿಂದ ಬಂದು ಹಾಸ್ಟೆಲಿನಲ್ಲಿದ್ದು ಬಿ.ಎಡ್. ಓದುತ್ತಿದ್ದ ತಂಗಿ, ಚಿಕ್ಕಪ್ಪನ ಮಗಳು, ನಾನಿಲ್ಲದಷ್ಟು ದಿನ ನಮ್ಮ ಮನೆಗೆ ಬಂದು ನನ್ನ ಮಂಚದ ಮೇಲೆ ಮಲಗುವುದು. ಹುಣ್ಣಿಮೆಯ ವಂದನೆಯನ್ನು ನಾನು ಚೀನಾದಿಂದಲೇ ಫೋನಿನಲ್ಲಿ ಹೇಳುವುದು.

ಮೊದಲನೆಯದನ್ನು ಅವ್ವ ತೀರ್ಮಾನಿಸಿದ್ದಳು. ಎರಡನೆಯದು ನನ್ನ ಹಟ.

ನಮ್ಮ ಓಣಿಯಲ್ಲಿ ಒಂದು ಸಣ್ಣ ಬುದ್ಧ ವಿಹಾರವಿದೆ. ಒಳಗೆ ಬಿಳಿ ಕಲ್ಲಿನ ಮೂರ್ತಿ, ಪಕ್ಕದಲ್ಲಿ ನೀಲಿ ಕೋಟಿನ ಫೋಟೊ. ಪ್ರತಿ ಹುಣ್ಣಿಮೆ ಸಂಜೆ ಓಣಿಯವರು ಸೇರುತ್ತಾರೆ. ಬಿಳಿ ಸೀರೆ ಉಟ್ಟ ಒಬ್ಬರು ಮುಂದೆ ನಿಂತು ತ್ರಿಸರಣ, ಪಂಚಶೀಲದ ಒಂದೊಂದು ಸಾಲು ಹೇಳುತ್ತಾರೆ, ಉಳಿದವರು ಹಿಂದಿನಿಂದ ಹೇಳುತ್ತಾರೆ. ಹೈಸ್ಕೂಲಿನಲ್ಲಿದ್ದಾಗಿನಿಂದ ಮುಂದೆ ನಿಲ್ಲುವವಳು ನಾನು. ಒಂದು ಮಳೆಗಾಲ ಇಲ್ಲಿ ಉಳಿದಿದ್ದ ಬೌದ್ಧ ಭಿಕ್ಷು, ಭಂತೇಜಿ, ಓಣಿಯ ಮಕ್ಕಳಿಗೆಲ್ಲ ಪಾಲಿ ಸಾಲುಗಳನ್ನು ಕಲಿಸಿದ್ದರು. ಪೂರ್ತಿ ಬಾಯಿಪಾಠ ಮಾಡಿದವಳು ನಾನೊಬ್ಬಳೇ. ನಾನು ಹೇಳುವಾಗ ಅಜ್ಜಿ ಮೊದಲ ಸಾಲಿನಲ್ಲಿ ಕೂರುತ್ತಿದ್ದಳು. ಮುಗಿದ ಮೇಲೆ ಅಕ್ಕಪಕ್ಕದವರ ಕಡೆ ತಿರುಗಿ, "ನಮ್ಮ ಮನಿದು" ಎನ್ನುತ್ತಿದ್ದಳು. ನನಗೆ ಬೇಕಾಗಿದ್ದದ್ದು ಆ ಎರಡು ಶಬ್ದ.

ಅಜ್ಜಿಗೆ ಕಿವಿ ಮಂದ. ಅವಳೂ ಓಣಿಯ ಇತರ ಮುದುಕಿಯರೂ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿದವರು. ಯಂತ್ರದ ಸದ್ದಿನಲ್ಲಿ ಮಾತು ಕೇಳದ ಕಾರಣ, ಅಲ್ಲಿ ಹೆಂಗಸರು ಒಬ್ಬರ ತುಟಿ ಒಬ್ಬರು ನೋಡಿ ಮಾತಾಡುತ್ತಿದ್ದರು. ಇದರ ಬಗ್ಗೆ ನಾನೇ ಭಾನುವಾರದ ಪುರವಣಿಗೆ ಒಂದು ಪುಟದ ಲೇಖನ ಬರೆದಿದ್ದೆ, ಅಜ್ಜಿಯ ಫೋಟೊ ಸಮೇತ.

ವಿಹಾರದ ಬೀಗ, ಮೈಕು, ದೀಪ ಎಲ್ಲ ಒಬ್ಬ ಹಿರಿಯರ ಕೈಯಲ್ಲಿದ್ದವು. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಟೆಕ್ನಿಶಿಯನ್ ಆಗಿ ನಿವೃತ್ತರಾದವರು, ಓಣಿಯವರಿಗೆಲ್ಲ ಕಾಕಾ. ಫೋನಿನ ಯೋಜನೆ ಹೇಳಿದಾಗ ಅವರು ಮೈಕಿನ ವೈರು ಸುತ್ತುತ್ತಿದ್ದರು.

"ಚೀನಾದಾಗ ನಮ್ಮ ಫೋನ್ ನಡಿಯಂಗಿಲ್ಲ ಅಂತಾರಲ್ಲ ಯವ್ವಾ."

"ಬ್ಯಾರೆ ಹಾದಿ ಅದ ಕಾಕಾ. ನಾ ನೋಡ್ಕೋತೀನಿ."

"ನಾಕೈದು ತಿಂಗಳ ಮಾತು. ಯಾರರೆ ಹೇಳ್ತಾರ ಬಿಡು."

"ಯಾರು ಹೇಳ್ತಾರ?"

ಅವರು ನನ್ನ ಮುಖ ನೋಡಿದರು. "ಆಯ್ತು. ನೀನೇ ಹೇಳು."

ಕುನ್ಮಿಂಗ್‌ನ ತರಗತಿಯಲ್ಲಿ ನಾವು ಲಾವೋಸ್, ಬಾಂಗ್ಲಾದೇಶ, ನೇಪಾಳ, ಥಾಯ್ಲೆಂಡ್‌ನಿಂದ ಬಂದವರು. ಬೆಳಿಗ್ಗೆ ಎಂಟಕ್ಕೆ ಪಾಠ ಶುರು. ಶಿಕ್ಷಕಿ ಒಂದು ಸಾಲು ಹೇಳುವುದು, ನಾವೆಲ್ಲ ಒಟ್ಟಿಗೆ ಹೇಳುವುದು. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದವಳು ಲಾವೋಸಿನ ಹುಡುಗಿ. ಊರು ತಂಪು, ರಸ್ತೆ ಸ್ವಚ್ಛ, ಕ್ಯಾಂಟೀನಿನ ಅಕ್ಕಿ ಸೇವಿಗೆ ಚೆನ್ನಾಗಿತ್ತು. ದೂರುವಂಥದ್ದೇನೂ ಇರಲಿಲ್ಲ.

ಸೆಪ್ಟೆಂಬರಿನ ಹುಣ್ಣಿಮೆ ಅಲ್ಲೂ ಹಬ್ಬ. ಚಂದ್ರ ನೋಡುವ ದಿನವೆಂದು ವಿಶ್ವವಿದ್ಯಾಲಯಕ್ಕೆ ರಜೆ. ಹಾಸ್ಟೆಲಿನವರು ಪ್ರತಿಯೊಬ್ಬರಿಗೂ ಚಂದ್ರನ ಆಕಾರದ ಕಡಬಿನಂಥ ತಿಂಡಿ ಹಂಚಿದರು. ಒಂದರೊಳಗೆ ಹೂರಣದಂಥದ್ದು, ಇನ್ನೊಂದರೊಳಗೆ ಹಂದಿಮಾಂಸ. ಎಲ್ಲರೂ ಅಂಗಳಕ್ಕೆ ಇಳಿದರು. ನಾನು ಬಿಳಿ ದುಪ್ಪಟ್ಟಾ ಹೊದ್ದು, ಕೋಣೆಯ ಬಾಗಿಲು ಹಾಕಿ ಫೋನಿನ ಮುಂದೆ ಕೂತೆ. ರಾಯಚೂರಿನಲ್ಲಿ ಆಗಷ್ಟೇ ದೀಪ ಹಚ್ಚುವ ಹೊತ್ತು.

ತಂಗಿ ಅವ್ವನ ಫೋನನ್ನು ಸ್ಟೀಲಿನ ಚೊಂಬಿಗೆ ಒರಗಿಸಿ ಮೂರ್ತಿಯ ಮುಂದೆ ಇಟ್ಟಳು. ಕಾಕಾ ಅದರ ಬಾಯಿಗೆ ಮೈಕು ಹಿಡಿದರು. ನಾನು ಮೊದಲ ಸಾಲು ಹೇಳಿದೆ. ಅಲ್ಲಿ ಯಾರೂ ಬಾಯಿ ಬಿಡಲಿಲ್ಲ. ನಾನು ಎರಡನೆಯ ಸಾಲಿಗೆ ಹೋದಾಗ ಮೊದಲನೆಯದರ ಉತ್ತರ ಬಂತು. ನಿಲ್ಲಿಸಿದೆ. ನಾನು ನಿಲ್ಲಿಸಿದ್ದು ಅವರಿಗೆ ತಿಳಿಯುವಷ್ಟರಲ್ಲಿ ಅರ್ಧ ಮಂದಿ ಎರಡನೆಯ ಸಾಲಿನಲ್ಲಿದ್ದರು, ಅರ್ಧ ಮಂದಿ ಮೊದಲನೆಯದರಲ್ಲಿ.

"ಸುಮ್ಕಿರ್ರಿ ಬೇ, ಹಾದಿ ದೂರ ಅದ," ಎಂದು ಹಿಂದಿನಿಂದ ಒಬ್ಬಳು ಮುದುಕಿ ಹೇಳಿದ್ದು ಕೇಳಿಸಿತು. "ಚೀನಾದಿಂದ ಬರಬೇಕಲ್ಲ, ತಡಾ ಆಗ್ತದ."

"ಅದೇನು ನಡ್ಕೋತ ಬರ್ತದೇನ?" ಎಂದಳು ಇನ್ನೊಬ್ಬಳು. ನಗು.

ಅಜ್ಜಿ ಮುಂದೆ ಬಗ್ಗಿ ಫೋನಿನೊಳಗೆ ನೋಡುತ್ತಿದ್ದಳು. ಅವಳ ಹಣೆ ಪರದೆಯ ತುಂಬ ಬಂತು. "ಇಕಿ ತುಟಿ ಒಂದು ಹೇಳ್ತದ, ದನಿ ಒಂದು ಹೇಳ್ತದ. ಯಾವುದು ಹಿಡೀಲಿ ನಾ?"

ಆಗ ತಂಗಿ ಚೊಂಬಿನ ಪಕ್ಕದಲ್ಲಿ, ಜನರ ಕಡೆ ಮುಖ ಮಾಡಿ ಮಂಡಿಯೂರಿ ಕೂತಳು. ನಾನು ಹೇಳಿದ ಸಾಲನ್ನು ಕೇಳಿಕೊಂಡು ತಾನು ಗಟ್ಟಿಯಾಗಿ ಹೇಳಿದಳು. ಜನ ಅವಳ ಹಿಂದೆ ಹೇಳಿದರು. ಹೀಗೆ ಮುಗಿಯಿತು. ಮುಗಿದ ಮೇಲೆ ಅವಳು, "ಅಕ್ಕಾ, ಚಲೋ ಆತಲ್ಲ?" ಎಂದಳು. ಆತು ಎಂದೆ.

ಅಕ್ಟೋಬರಿನಲ್ಲಿ ಮೂರನೆಯ ಶೀಲಕ್ಕೆ ಬಂದಾಗ ಸಂಪರ್ಕ ಕಡಿಯಿತು. ಮತ್ತೆ ಹಚ್ಚಿದೆ, ಹೋಗಲಿಲ್ಲ. ಇನ್ನೊಂದು ಆ್ಯಪ್‌ನಲ್ಲಿ ನೋಡಿದೆ. ಕೊನೆಗೆ ಹತ್ತಿದಾಗ ಪರದೆಯಲ್ಲಿ ಕಂಡದ್ದು ಖೀರಿನ ಪಾತ್ರೆ. ವಂದನೆ ಮುಗಿದು ಹಂಚಿಕೆ ನಡೆದಿತ್ತು.

"ಉಳಿದದ್ದು ಯಾರು ಹೇಳಿದ್ರು?" ಎಂದು ಅವ್ವನನ್ನು ಕೇಳಿದೆ.

"ನಿನ್ನ ತಂಗಿನೇ ಹೇಳಿದ್ಲು. ಬರ್ತದಂತ ಆಕಿಗಿ."

ಬರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ದೇವದುರ್ಗದ ಅವರ ಓಣಿಯಲ್ಲಿ ವಿಹಾರವಿಲ್ಲ. ಅವಳು ಎಲ್ಲಿ ಕಲಿತಳೆಂದು ವಿಚಾರಿಸಿದೆ. ಸಣ್ಣವಳಿದ್ದಾಗ ರಜೆಗೆ ಬಂದಾಗಲೆಲ್ಲ ನನ್ನ ಹಿಂದೆ ಕೂತು ಹೇಳುತ್ತಿದ್ದಳಂತೆ. ಅಂದರೆ ನನ್ನಿಂದಲೇ.

ಅವ್ವ ಫೋನನ್ನು ಅಜ್ಜಿಯ ಕೈಗೆ ಕೊಟ್ಟಳು. ಅಜ್ಜಿ ಊಟ ಆಯಿತೇ ಎಂದು ಕೇಳಲಿಲ್ಲ. "ಚಂದ ಹೇಳಿದ್ಲು ಹುಡುಗಿ," ಎಂದಳು. "ಎಲ್ಲಾ ತಿಳೀತು."

ಆ ರಾತ್ರಿ ನಾನು ಲಾವೋಸಿನ ಹುಡುಗಿಯೊಂದಿಗೆ ಊಟಕ್ಕೆ ಹೋಗಲಿಲ್ಲ. ಹೊಟ್ಟೆ ಸರಿಯಿಲ್ಲವೆಂದು ಹೇಳಿದೆ.

ನವೆಂಬರಿನ ಹುಣ್ಣಿಮೆಗೆ ಕರೆ ಮಾಡುವಂತೆ ಮನೆಯಿಂದ ಯಾರೂ ನೆನಪಿಸಲಿಲ್ಲ. ನಾನೂ ಮಾಡಲಿಲ್ಲ. ಮಾಡದಿದ್ದರೆ ಯಾರಾದರೂ ಕೇಳುತ್ತಾರೆಂದು ಕಾದೆ. ಮರುದಿನ ಮನೆಯ ಗ್ರೂಪಿಗೆ ಒಂದು ವಿಡಿಯೊ ಬಂತು. ತಂಗಿ ಮುಂದೆ ನಿಂತಿದ್ದಳು, ಅಂಚಿನಲ್ಲಿ ನೀಲಿ ಎಳೆಯಿದ್ದ ಬಿಳಿ ಸೀರೆಯಲ್ಲಿ. ಸೀರೆ ನನ್ನದು. ಯಾರು ಕೊಟ್ಟರೆಂದು ಕೇಳಿದಾಗ ಅವ್ವ, "ಟ್ರಂಕಿನಾಗ ಮಡಚಿ ಇಟ್ಟು ಹುಳಾ ತಿನ್ನಲೇನ?" ಎಂದಳು.

ಆ ವಿಡಿಯೊವನ್ನು ನಾನು ಸುದ್ದಿಮನೆಯಲ್ಲಿ ಬೇರೆಯವರ ವರದಿ ತಿದ್ದುವ ರೀತಿಯಲ್ಲಿ ನೋಡಿದೆ. ತಪ್ಪು ಸಿಗಬೇಕಿತ್ತು. ಸಿಗಲಿಲ್ಲ. ಸಿಕ್ಕಿದ್ದು ಎರಡು ವ್ಯತ್ಯಾಸ. ಅವಳು ಪ್ರತಿ ಸಾಲು ಹೇಳಿ, ಕೊನೆಯ ಮುದುಕಿಯ ಬಾಯಿ ಮುಚ್ಚುವವರೆಗೆ ಕಾಯುತ್ತಿದ್ದಳು. ಮತ್ತು ಭಂತೇಜಿ ಹಾಗೂ ನಾನು ಮೂರ್ತಿಯ ಕಡೆ ಮುಖ ಮಾಡಿ ಹೇಳುತ್ತಿದ್ದೆವು. ಅವಳು ಚೊಂಬಿನ ಪಕ್ಕದಲ್ಲಿ ಕೂತಾಗ ಹೇಗಿದ್ದಳೋ ಹಾಗೆಯೇ ಜನರ ಕಡೆ ಮುಖ ಮಾಡಿ ನಿಂತಿದ್ದಳು. ಎರಡನೆಯದನ್ನು ತಪ್ಪು ಎಂದು ತೀರ್ಮಾನಿಸಿ ಇಟ್ಟುಕೊಂಡೆ.

ಡಿಸೆಂಬರಿನ ಹುಣ್ಣಿಮೆಯಂದು ಕುನ್ಮಿಂಗ್‌ನ ಒಂದು ಬೌದ್ಧ ದೇವಾಲಯಕ್ಕೆ ಹೋದೆ. ಕೊಳದ ನಡುವೆ ಮಂಟಪ, ಊದುಬತ್ತಿಯ ಹೊಗೆ, ಜನ. ಒಳಗೆ ಪಠಣ ನಡೆದಿತ್ತು. ನನಗೆ ಒಂದು ಅಕ್ಷರ ತಿಳಿಯಲಿಲ್ಲ. ಯಾವಾಗ ಬಗ್ಗಬೇಕು, ಯಾವಾಗ ಏಳಬೇಕು ಎಂಬುದೂ ಗೊತ್ತಾಗಲಿಲ್ಲ. ಪಕ್ಕದ ಮುದುಕಿಯನ್ನು ನೋಡಿಕೊಂಡು ಅವಳಂತೆ ಮಾಡಿದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ನನ್ನ ತಲೆಯಲ್ಲಿದ್ದದ್ದು ಒಂದೇ: ಈಗ ರಾಯಚೂರಿನಲ್ಲಿ ತಂಗಿ ಆ ಸೀರೆಗೆ ಇಸ್ತ್ರಿ ಹಾಕುತ್ತಿರುತ್ತಾಳೆ.

ಜನವರಿಯಲ್ಲಿ ಪರೀಕ್ಷೆ ಮುಗಿಸಿ ವಾಪಸಾದೆ. ಎಲ್ಲರಿಗೂ ಚಹಾಪುಡಿ, ಅಜ್ಜಿಗೆ ಉಣ್ಣೆಯ ಶಾಲು, ತಂಗಿಗೆ ಒಂದು ಪೆನ್ನು ತಂದಿದ್ದೆ. ಅವಳು ಹಾಸ್ಟೆಲಿಗೆ ಮರಳಲಿಲ್ಲ, ಮಂಚ ನನಗೆ ಬಿಟ್ಟು ಕೆಳಗೆ ಹಾಸಿಕೊಂಡಳು. ಸೀರೆ ಒಗೆದು ಟ್ರಂಕಿನಲ್ಲಿಟ್ಟಿದ್ದಳು.

ಫೆಬ್ರವರಿಯ ಹುಣ್ಣಿಮೆಗೆ ನಾನು ಮುಂದೆ ನಿಂತೆ, ಎಂದಿನಂತೆ ಮೂರ್ತಿಯ ಕಡೆ ಮುಖ ಮಾಡಿ. ಮೊದಲ ಸಾಲು ಹೇಳಿದೆ. ಹಿಂದಿನಿಂದ ಉತ್ತರ ಸಣ್ಣಗೆ, ತಡವಾಗಿ ಬಂತು. ಎರಡನೆಯದಕ್ಕೆ ಇನ್ನೂ ಸಣ್ಣಗೆ. ಮೂರನೆಯದನ್ನು ಅರ್ಧ ಹೇಳಿದಾಗ ಅಜ್ಜಿಯ ದನಿ ಕೇಳಿತು.

"ಲೇ, ನಿಂದ್ರು. ನಾವು ಇನ್ನಾ ಬರಾಕತ್ತೀವಿ."

ಕಾಕಾ ಮೈಕು ಸರಿಮಾಡುವ ನೆಪದಲ್ಲಿ ಮುಂದೆ ಬಂದರು. "ಚೀನಾದಾಗ ರೈಲು ಭಾಳ ಜೋರು ಓಡ್ತಾವಂತ. ಅದರಾಗ ಕುಂತು ಬಂದಾಳ, ತಪ್ಪೇನದ," ಎಂದರು. ಇಡೀ ವಿಹಾರ ನಕ್ಕಿತು. ತಂಗಿ ನಗಲಿಲ್ಲ, ಅದನ್ನೂ ನಾನು ಗಮನಿಸಿದೆ, ಅದೂ ನನಗೆ ಸೇರಲಿಲ್ಲ.

ಮನೆಗೆ ಬಂದ ಮೇಲೆ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅಕ್ಕಾ, ಒಂದು ಮಾತು. ತಿರುಗಿ ನಿಂತು ಹೇಳು. ಅವರಿಗಿ ಕೇಳಂಗಿಲ್ಲ, ತುಟಿ ಕಾಣಬೇಕು. ಮಿಲ್ಲಿನವರಲ್ಲೇನು."

ನನ್ನ ಲೇಖನದ ವಿಷಯವನ್ನು ಅವಳು ನನಗೆ ಹೇಳುತ್ತಿದ್ದಳು. ಅವಳು ಅದನ್ನು ಓದಿರಲಿಲ್ಲ. ನಾನಿಲ್ಲದ ಸಂಜೆಗಳಲ್ಲಿ ಅಜ್ಜಿಯ ಎದುರು ಕೂತು, ದನಿಯಿಲ್ಲದೆ ತುಟಿಯಲ್ಲೇ ಹರಟೆ ಹೊಡೆಯುವುದನ್ನು ಕಲಿತಿದ್ದಳು. ನಾನು ಅಜ್ಜಿಯೊಡನೆ ಅವಳ ಕಿವಿಗೆ ಬಾಯಿಟ್ಟು ಕೂಗಿ ಮಾತಾಡುತ್ತಿದ್ದೆ, ಮೊದಲಿನಿಂದಲೂ.

"ಬುದ್ಧಗ ಬೆನ್ನು ಮಾಡಿ ನಿಲ್ಲೂದು ನನಗ ಆಗೂದಿಲ್ಲ," ಎಂದೆ.

"ಬುದ್ಧರೇನು ಬ್ಯಾಸರ ಮಾಡ್ಕೋತಾರೇನಕ್ಕ?"

"ನೀ ಹೇಳು ಹಂಗಾದ್ರ. ನಿನಗ ಆಗ್ತದಲ್ಲ."

ಬೇಡ ಎನ್ನುತ್ತಾಳೆಂದು ಎಣಿಸಿದ್ದೆ. ಅವಳು, "ಆಯ್ತಕ್ಕ," ಎಂದಳು. ಅವಳಿಗೂ ಅದು ಬೇಕಾಗಿತ್ತು. ಮಾರ್ಚಿನಲ್ಲಿ ಅವಳೇ ಹೇಳಿದಳು. ಸೀರೆಯನ್ನು ನಾನೇ ಟ್ರಂಕಿನಿಂದ ತೆಗೆದುಕೊಟ್ಟೆ, ಇಸ್ತ್ರಿ ಇಲ್ಲದೆ. ಮುಗಿದ ಮೇಲೆ ಅಜ್ಜಿ ಪಕ್ಕದವಳ ಕಡೆ ತಿರುಗಿ, "ನಮ್ಮ ಮನಿದು" ಎಂದಳು. ಬುದ್ಧ ಪೂರ್ಣಿಮೆಯ ದೊಡ್ಡ ಕಾರ್ಯಕ್ರಮದಲ್ಲಿಯೂ ತಂಗಿಯೇ ಹೇಳಿದಳು. ಅದರ ವರದಿ ಬರೆದವಳು ನಾನು. ವಂದನೆ ನಡೆಯಿತು ಎಂದು ಬರೆದೆ. ಹೇಳಿದವರ ಹೆಸರು ಹಾಕಲಿಲ್ಲ. ಸ್ಥಳಾವಕಾಶ ಇರಲಿಲ್ಲವೆಂದು ಮನೆಯಲ್ಲಿ ಹೇಳಿದೆ. ಯಾರೂ ಕೇಳಿರಲಿಲ್ಲ.

ಬಿ.ಎಡ್. ಮುಗಿದು, ಅವಳಿಗೆ ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್‌ನಲ್ಲಿ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿತು. ಮಾನ್ವಿಯಲ್ಲಿ ಕೋಣೆ ಹಿಡಿದಳು. ಆ ಸುದ್ದಿ ಬಂದ ದಿನ ಓಣಿಗೆಲ್ಲ ಪೇಢೆ ಹಂಚಿದವಳು ನಾನು. "ತಂಗಿ ಮ್ಯಾಲೆ ಎಷ್ಟು ಜೀವ ನೋಡು ಇಕಿಗಿ," ಎಂದು ಅವ್ವ ಎಲ್ಲರ ಮುಂದೆ ಹೇಳಿದಳು. ಅವಳ ಸಾಮಾನನ್ನು ಬಸ್ಸಿಗೆ ಹಾಕಿ ಬಂದ ಸಂಜೆ ನಾನು ಕನ್ನಡಿಯ ಮುಂದೆ ನಿಂತು, ತಿರುಗಿ ನಿಂತು ಹೇಳುವುದನ್ನು ಅಭ್ಯಾಸ ಮಾಡಿದೆ. ಪ್ರತಿ ಸಾಲಿನ ಕೊನೆಗೆ ಕಾದೆ.

ಹುಣ್ಣಿಮೆ ಹತ್ತಿರ ಬಂದಾಗ ಮುದುಕಿಯರು ನಮ್ಮ ಕಟ್ಟೆಯ ಮೇಲೆ ಕೂತಿದ್ದರು.

"ಈ ಸಲ ನಾ ಹೇಳ್ತೀನಿ," ಎಂದೆ. "ತಿರುಗಿ ನಿಂತು ಹೇಳ್ತೀನಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತುಟಿಗಳು ಅಲುಗಿದವು, ದನಿ ಬರಲಿಲ್ಲ. ಏನು ಮಾತಾಡಿಕೊಂಡರೆಂದು ನನಗೆ ತಿಳಿಯಲಿಲ್ಲ.

"ಆಕಿ ಬರಂಗಿಲ್ಲೇನ?" ಎಂದಳು ಅಜ್ಜಿ.

"ಮಾನ್ವಿಯಿಂದ ಹ್ಯಾಂಗ ಬರ್ತಾಳ? ಸಾಲಿ ಬಿಟ್ಟು ಬಸ್ ಹಿಡದು ಬರೂದ್ರಾಗ ಹೊತ್ತು ಮುಳುಗ್ತದ."

"ನಿನ್ನ ಕಡಿ ಗಾಡಿ ಅದಲ್ಲ."

"ಬೇಕಾದ್ರ ಆಕಿಗಿ ಫೋನಿನಾಗ ಹೇಳಂತೀನಿ," ಎಂದೆ.

"ಫೋನ್ ಬ್ಯಾಡ ಬೇ," ಎಂದಳು ಪಕ್ಕದ ಮನೆಯ ಮುದುಕಿ. "ತಡಾ ಆಗ್ತದ. ನಾವು ನೋಡೀವಲ್ಲ."

ಆ ಹುಣ್ಣಿಮೆಯಂದು ನಾನು ಕಚೇರಿಯಿಂದ ಬೇಗ ಹೊರಟು ಸ್ಕೂಟಿಯಲ್ಲಿ ಮಾನ್ವಿಗೆ ಹೋದೆ. ತಂಗಿ ಬಸ್ ನಿಲ್ದಾಣದ ಎದುರು ಚೀಲ ಹಿಡಿದು ನಿಂತಿದ್ದಳು. ಸೀರೆ ಚೀಲದಲ್ಲಿತ್ತು. ದಾರಿಯಲ್ಲಿ ಅವಳು ಶಾಲೆಯ ಮಕ್ಕಳ ಬಗ್ಗೆ ಮಾತಾಡಿದಳು. ರಾಯಚೂರು ತಲುಪಿದಾಗ ಕಾಕಾ ದೀಪ ಹಚ್ಚಿದ್ದರು. ಅವಳು ಸೀರೆ ಉಟ್ಟು ಬಂದು, ಜನರ ಕಡೆ ಮುಖ ಮಾಡಿ ನಿಂತಳು. ಅಜ್ಜಿ ಸರಿದು ನನಗೆ ಜಾಗ ಕೊಟ್ಟಳು. ನಾನು ಅವಳ ಪಕ್ಕದಲ್ಲಿ ಕೂತೆ. ತಂಗಿ ಮೊದಲ ಸಾಲು ಹೇಳಿದಳು. ನಾವು ಹೇಳಿದೆವು.