ಬರೆದುಕೊಡಿ ಮೇಡಂ

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವಳು ಭೂದಾಖಲೆ ಕಚೇರಿಯ ಮೆಟ್ಟಿಲು ಹತ್ತಿದಳೆಂದರೆ ಗುಮಾಸ್ತರ ಮುಖ ಹುಳ್ಳಗಾಗುತ್ತದೆ. ಇನ್ನೂ ಇಪ್ಪತ್ಮೂರರ ಹುಡುಗಿ; ಬೆನ್ನ ಹಿಂದೆ ಅವರಿಟ್ಟ ಹೆಸರು 'ಬರೆದುಕೊಡಿ ಮೇಡಂ'. ಅಲೆದಲೆದು ಚಪ್ಪಲಿ ಸವೆಸಿದವರನ್ನೆಲ್ಲ ಜೊತೆಗೆ ಕರೆತರುತ್ತಾಳೆ. "ಸಾಹೇಬ್ರು ಇಲ್ಲ" ಅಂದರೆ "ಇಲ್ಲ ಅಂತ ಬರೆದುಕೊಡಿ" ಅನ್ನುತ್ತಾಳೆ. "ಫೈಲ್ ಸಿಗ್ತಿಲ್ಲ" ಅಂದರೆ "ಕಳೆದುಹಾಕಿದ್ವಿ ಅಂತ ಬರೆದುಕೊಡಿ" ಎಂದು ಪೆನ್ನನ್ನು ಮೇಜಿಗೆ ಕುಟ್ಟುತ್ತಾಳೆ. ಬಸ್ಸು ತಡವಾದರೆ ಡ್ರೈವರನಿಂದಲೂ ಬರೆಸಿಕೊಳ್ಳುತ್ತಾಳಂತೆ ಎಂದು ಜವಾನ ಆಡಿಕೊಳ್ಳುತ್ತಾನೆ. ಅವಳು ನಗುವುದಿಲ್ಲ. ಅವಳ ಸಿಟ್ಟಿಗೆ ಕೂಗಾಟ ಬೇಕಿಲ್ಲ, ದುರುಗುಟ್ಟಿ ನೋಡಿದರೆ ಸಾಕು, ಲಂಚಕ್ಕೆಂದು ಎಳೆದ ಡ್ರಾಯರು ತಾನಾಗಿ ಮುಚ್ಚಿಕೊಳ್ಳುತ್ತದೆ. ಮೊನ್ನೆ ಮಾತ್ರ ಹಿರಿಯ ಗುಮಾಸ್ತರಿಗೆ ತಡೆಯಲಾಗಲಿಲ್ಲ. "ಇದೇ ಕುರ್ಚೀಲಿ ನಿಮ್ಮಪ್ಪ ಇಪ್ಪತ್ತು ವರ್ಷ ಕೂತು ಮೇಯ್ದದ್ದು ಕಣಮ್ಮ. ನಿನ್ನ ಕಾಲೇಜು ಫೀಸು ಎಲ್ಲಿಂದ ಬಂತು ಅಂತ ಬರೆದುಕೊಡ್ಲಾ?" ಎಂದರು. ಕಚೇರಿಗೆ ಕಚೇರಿಯೇ ಗೊಳ್ಳೆಂದಿತು. ಅವಳ ಕಿವಿ ಕೆಂಪಾಯಿತು, ದನಿ ನಡುಗಲಿಲ್ಲ. "ಗೊತ್ತು ಅಂಕಲ್," ಎಂದು ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದ ಅಜ್ಜಿಯ ಹೆಗಲ ಮೇಲೆ ಕೈಯಿಟ್ಟಳು. "ಇವ್ರು ಮೊದಲ್ನೇ ಅರ್ಜಿ ಕೊಟ್ಟಿದ್ದು ಅಪ್ಪನ ಕೈಗೇ. ಸರ್ಕಾರ ಅಂದ್ರೆ ನಮ್ಮಪ್ಪನೇ ಅಂದ್ಕೊಂಡಿದ್ದಾರೆ. ಹಾಗಲ್ಲ ಅಂತ ಇವ್ರು ಬದುಕಿರೋವಾಗ್ಲೇ ನಾನು ತೋರಿಸ್ಬೇಕು."